ಛಾಯಾಚಿತ್ರದಲ್ಲಿ ಪಾಠಶೋಧನ ಮತ್ತು ಪ್ರಕ್ಷೇಪ

ಗಣಕಯಂತ್ರದ ನೆರವಿನಿಂದ ಛಾಯಾಚಿತ್ರವನ್ನು ತಿದ್ದುವ ಪದ್ಧತಿ ಇಂದು ಸರ್ವಸಾಮಾನ್ಯವಾಗಿದೆ. ೧೯೯೦ರಲ್ಲಿ ಫೋಟೋಶಾಪ್ ಎಂಬ ತಂತ್ರಾಂಶವು ಮಾರುಕಟ್ಟೆಗೆ ಬಂದ ಮೇಲೆ, ಅದುವರೆಗೆ ಕೆಲವೇ ಮಂದಿ ಕುಶಲಿಗಳ ಸ್ವತ್ತಾಗಿದ್ದ ಈ ವಿದ್ಯೆ ಕ್ರಮಕ್ರಮವಾಗಿ ಎಲ್ಲರ ಕೈಗೂ ಎಟುಕಿತು. ಈಗ ಅದು ಜೇಬಿನೊಳಗಿನ ಮೊಬೈಲಿನಲ್ಲಿಯೂ ಇದೆ. ಇದರಿಂದ ಛಾಯಾಚಿತ್ರಕಲೆಗೆ ಉಪಚಯವಾಯಿತೇ ಅಪಚಯವಾಯಿತೇ ಎಂಬ ವಿಷಯದಲ್ಲಿ ಎರಡು ಪಕ್ಷಗಳು ಏರ್ಪಟ್ಟಿವೆ. ಯಂತ್ರ ಕಂಡದ್ದೇ ಸತ್ಯ, ಅದರ ಮೇಲೆ ಕೈಯಾಡಿಸಿದರೆ ಕಲೆ ಕೆಟ್ಟಿತು ಎನ್ನುವುದು ಒಂದು ಪಕ್ಷ. ಕವಿಯಂತೆ ಛಾಯಾಗ್ರಾಹಕನೂ ನಿರಂಕುಶನು, ಫಲ ಸುಂದರವಾಗಿದ್ದರೆ ಸಾಕು ಎನ್ನುವುದು ಇನ್ನೊಂದು. ಎರಡು ಪಕ್ಷಗಳೂ ಒಂದೇ ಎಡೆಯಲ್ಲಿ ಎಡವುತ್ತವೆಯೆಂದು ನಮಗೆ ತೋರುತ್ತದೆ. 'ತಿದ್ದುವುದು' ಎಂಬ ಒಂದು ಮಾತಿನೊಳಗೆ ಭಿನ್ನಜಾತಿಯ ಮೂರು ಕಾರ್ಯಗಳು ಅಡಗಿವೆ. ಅವುಗಳನ್ನು ಬೇರ್ಪಡಿಸದೆ ಇತ್ತ ವಿಧಿಯನ್ನೂ ಅತ್ತ ನಿಷೇಧವನ್ನೂ ಹೇಳುವುದು ಸಾಧ್ಯವಿಲ್ಲ.

ಹಸ್ತಪ್ರತಿಗಳೊಡನೆ ವ್ಯವಹರಿಸುವ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಮೂರೂ ಅಪರಿಚಿತವಲ್ಲ. ಓಲೆ ಮುರಿದಿರುವ, ಹುಳು ತಿಂದಿರುವ, ಲಿಪಿಕಾರನು ಕೈತಪ್ಪಿ ಬರೆದಿರುವ ಎಡೆಗಳಲ್ಲಿ ಕವಿಯ ಮೂಲಪಾಠವನ್ನು ಅರಸಿ ಕೊಡುವುದು ಪಾಠಶೋಧನ. ಮತ್ತೊಬ್ಬನು ತನ್ನ ಪದ್ಯವನ್ನು ಪೂರ್ವಕವಿಯ ಕೃತಿಯೊಳಗೆ ಸೇರಿಸಿ, ಅದನ್ನು ಪೂರ್ವಕವಿಯ ಹೆಸರಿನಲ್ಲಿಯೇ ನಡೆಯಗೊಡುವುದು ಪ್ರಕ್ಷೇಪ. ತನಗೆ ಸರಿಬಾರದ ಪದ್ಯವನ್ನು ಸದ್ದಿಲ್ಲದೆ ಕಿತ್ತುಹಾಕುವುದು ಅದರ ಅವಳಿಯಾದ ಲೋಪ. ಮೂರನೆಯದು ಇವೆರಡಕ್ಕಿಂತಲೂ ಬೇರೆ. ಪಂಪನು ವ್ಯಾಸಭಾರತವನ್ನು ಎತ್ತಿಕೊಂಡು ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದನು. ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿಸಿದನು. ಮೂಲದಿಂದ ಇದು ಎಷ್ಟು ದೊಡ್ಡ ವ್ಯತ್ಯಾಸ! ಆದರೂ ಇದನ್ನು ಪ್ರಕ್ಷೇಪವೆಂದು ಯಾರೂ ಕರೆಯುವುದಿಲ್ಲ. ಏಕೆಂದರೆ ಪಂಪನು ತನ್ನ ಹೆಸರಿನಲ್ಲಿ ತನ್ನ ಕಾವ್ಯವನ್ನು ಬರೆದನು. ಓದುವವನಿಗೆ ತಾನು ಓದುತ್ತಿರುವುದು ವಿಕ್ರಮಾರ್ಜುನವಿಜಯವೆಂಬುದು ತಿಳಿದೇ ಇತ್ತು. ಪಾಠಶೋಧನ, ಪ್ರಕ್ಷೇಪ, ನೂತನ ಕಾವ್ಯ ಎಂಬ ಈ ಮೂರು ವಿಭಾಗಗಳನ್ನು ಛಾಯಾಚಿತ್ರಕ್ಕೆ ಅನ್ವಯಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲಿಗೆ, ತಿದ್ದುವಿಕೆಯು ಗಣಕಯಂತ್ರದೊಡನೆ ಹುಟ್ಟಿತೆಂಬ ಭಾವನೆಯನ್ನು ಬಿಡಬೇಕು. ೧೮೫೦ರ ದಶಕದ ಗಾಜಿನ ನೆಗೆಟಿವ್ ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ, ನೆಲವೋ ಕಡಲೋ ಸರಿಯಾಗಿ ಮೂಡುವ ವೇಳೆಗೆ ಆಕಾಶವು ಬರಿಯ ಬಿಳುಪಾಗಿಬಿಡುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು ಮುಗಿಲಿಗೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸಿದನು. ಒಂದೇ ಮುಗಿಲನ್ನು ಒಂದಕ್ಕಿಂತ ಹೆಚ್ಚು ಕಡಲುಗಳ ಮೇಲೆ ಕೂರಿಸಿದ್ದೂ ಉಂಟು. ಇಂಗ್ಲೆಂಡಿನಲ್ಲಿ ಆಸ್ಕರ್ ರೈಲಾಂಡರ್ ೧೮೫೭ರಲ್ಲಿ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಜೋಡಿಸಿ, ಸನ್ಮಾರ್ಗ ದುರ್ಮಾರ್ಗಗಳನ್ನು ತೋರಿಸುವ ದೊಡ್ಡದೊಂದು ನೀತಿಚಿತ್ರವನ್ನು ರಚಿಸಿದನು. ವಿಕ್ಟೋರಿಯಾ ರಾಣಿ ಅದರ ಪ್ರತಿಯೊಂದನ್ನು ಕೊಂಡಳು. ಆದುದರಿಂದ ಇಂದಿನ ವ್ಯತ್ಯಾಸವು ಕಾರ್ಯದಲ್ಲಿ ಇಲ್ಲ. ಅದರ ಸುಲಭತೆಯಲ್ಲಿಯೂ, ಗುರುತು ಉಳಿಯದಿರುವುದರಲ್ಲಿಯೂ ಇದೆ.

ಇನ್ನು ಪಾಠಶೋಧನ. ಅಮೆರಿಕದ ಆನ್ಸೆಲ್ ಆಡಮ್ಸ್ ೧೯೪೧ರಲ್ಲಿ ನ್ಯೂ ಮೆಕ್ಸಿಕೊ ಪ್ರಾಂತದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರೋದಯವಾಗುತ್ತಿರುವುದನ್ನು ಚಿತ್ರಿಸಿದನು. ಬೆಳಕು ಕ್ಷಣಕ್ಷಣಕ್ಕೂ ಇಳಿಯುತ್ತಿತ್ತು. ಬೆಳಕನ್ನಳೆಯುವ ಉಪಕರಣ ಕೈಗೆ ಸಿಗಲಿಲ್ಲ. ಚಂದ್ರನ ಕಾಂತಿಯ ಪ್ರಮಾಣವನ್ನು ಬಲ್ಲವನಾಗಿದ್ದುದರಿಂದ ಅದರ ಆಧಾರದ ಮೇಲೆ ಲೆಕ್ಕ ಹಾಕಿದನು. ನೆಗೆಟಿವ್‌ನ ಕೆಳಭಾಗ ತೆಳುವಾಗಿ ಬಂದಿತ್ತು. ೧೯೪೮ರಲ್ಲಿ ಅದನ್ನು ರಾಸಾಯನಿಕದಿಂದ ಗಾಢಗೊಳಿಸಿದನು. ಮುಂದಿನ ದಶಕಗಳಲ್ಲಿ ಅವನು ಮುದ್ರಿಸಿದ ಪ್ರತಿಗಳಲ್ಲಿ ಆಕಾಶವು ಹೆಚ್ಚು ಹೆಚ್ಚು ಕಪ್ಪಾಗುತ್ತ ಹೋಯಿತು. ಪಿಯಾನೋವಾದನವನ್ನು ಕ್ರಮವಾಗಿ ಅಭ್ಯಸಿಸಿದ್ದ ಆಡಮ್ಸ್, ನೆಗೆಟಿವನ್ನು ಸ್ವರಲಿಪಿಗೂ ಮುದ್ರಿತ ಪ್ರತಿಯನ್ನು ಕಚೇರಿಗೂ ಹೋಲಿಸುತ್ತಿದ್ದನು. ನಮ್ಮ ಅನುಭವದಿಂದ ಹೇಳುವುದಾದರೆ, ಇಬ್ಬರು ಗಮಕಿಗಳು ಒಂದೇ ಷಟ್ಪದಿಯನ್ನು ಬೇರೆ ಬೇರೆ ರಾಗಗಳಲ್ಲಿ ವಾಚಿಸಿದಂತೆ ಇದು. ಭಾವದ ಭಾರ ಬದಲಾಗುತ್ತದೆ; ಅಕ್ಷರ ಬದಲಾಗುವುದಿಲ್ಲ. ಆ ಸಂಜೆ ಅಲ್ಲಿದ್ದ ಶಿಲುಬೆಗಳು, ಮನೆಗಳು, ಹಿಮದ ಬೆಟ್ಟ, ಚಂದ್ರ ಇವೇ ಚಿತ್ರದಲ್ಲಿಯೂ ಇವೆ. ಬೆಳಕು ನೆರಳುಗಳ ಅಳತೆಯನ್ನು ಹೀಗೆ ಹದಗೊಳಿಸುವ ಕೆಲಸ ಕತ್ತಲೆ ಕೋಣೆಯಲ್ಲಿ ನಡೆದರೇನು, ಗಣಕಯಂತ್ರದ ಮುಂದೆ ನಡೆದರೇನು, ಅದು ಕಲೆಯ ಅಂಗವೇ ಹೊರತು ಅದಕ್ಕೆ ಬಂದ ಕುತ್ತಲ್ಲ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ನೆಗೆಟಿವ್ ಎಂಬ ಮೂಲಪ್ರತಿ ಇದ್ದಾಗ ಈ ಮಾತು ಸರಿ. ಡಿಜಿಟಲ್ ಕ್ಯಾಮರಾದಲ್ಲಿ ಮೂಲವೆಂಬುದು ಎಲ್ಲಿದೆ? ಈ ಆಕ್ಷೇಪ ನಿರ್ಬಲವಾದುದಲ್ಲ. ಆ ಕ್ಯಾಮರಾದೊಳಗೆ ಬೆಳಕನ್ನು ಹಿಡಿಯುವ ಫಲಕದ ಮೇಲೆ ಕೋಟಿಗಟ್ಟಲೆ ಸೂಕ್ಷ್ಮಬಿಂದುಗಳಿರಬಹುದು. ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ ರೂಪಿಸಿದ, ೧೯೭೬ರಲ್ಲಿ ಪೇಟೆಂಟ್ ದೊರೆತ ಏರ್ಪಾಟೇ ಇಂದಿಗೂ ಬಹುತೇಕ ಕ್ಯಾಮರಾಗಳಲ್ಲಿ ಬಳಕೆಯಲ್ಲಿದೆ. ಅದರಂತೆ ಒಂದೊಂದು ಬಿಂದುವೂ ಒಂದೇ ಬಣ್ಣವನ್ನು ಅಳೆಯುತ್ತದೆ: ಬಿಂದುಗಳಲ್ಲಿ ಅರ್ಧ ಹಸಿರಿಗೆ, ಕಾಲುಭಾಗ ಕೆಂಪಿಗೆ, ಕಾಲುಭಾಗ ನೀಲಿಗೆ ಮೀಸಲು. ಪ್ರತಿ ಬಿಂದುವಿನಲ್ಲಿ ಉಳಿದ ಎರಡು ಬಣ್ಣಗಳನ್ನು ನೆರೆಯ ಬಿಂದುಗಳನ್ನು ನೋಡಿ ಯಂತ್ರವು ಲೆಕ್ಕದಿಂದ ತುಂಬಿಕೊಳ್ಳುತ್ತದೆ. ಎಂದರೆ ನಾವು ಕಾಣುವ ವರ್ಣಚಿತ್ರದ ಬಣ್ಣದ ಮೌಲ್ಯಗಳಲ್ಲಿ ಮೂರರಲ್ಲೆರಡು ಪಾಲು ಊಹಾಪಾಠ! ತಿದ್ದದ ಡಿಜಿಟಲ್ ಚಿತ್ರವೆಂಬುದು ಈ ಅರ್ಥದಲ್ಲಿ ಇಲ್ಲವೇ ಇಲ್ಲ. ಆದರೆ ಇದರಿಂದ ಸಿದ್ಧವಾಗುವುದು ಎಲ್ಲ ತಿದ್ದುವಿಕೆಯೂ ಸಮಾನವೆಂಬುದಲ್ಲ. ಅಕ್ಕಪಕ್ಕದ ಅಕ್ಷರಗಳನ್ನು ನೋಡಿ ಮುರಿದ ಅಕ್ಷರವನ್ನು ತುಂಬುವ ಸಂಪಾದಕನಿಗೂ ಹೊಸ ಪದ್ಯವನ್ನೇ ಹೊಸೆದು ಸೇರಿಸುವವನಿಗೂ ಇರುವ ಅಂತರವನ್ನು ಊಹೆಯೆಂಬ ಸಾಮಾನ್ಯಧರ್ಮವು ಅಳಿಸಲಾರದು. ಛಾಯಾಚಿತ್ರದ ಮೂಲವು ಫಿಲ್ಮೂ ಅಲ್ಲ, ಕಡತವೂ ಅಲ್ಲ. ಆ ಕ್ಷಣದಲ್ಲಿ ಮಸೂರದ ಮುಂದೆ ವಸ್ತುಗಳು ಇದ್ದ ಬಗೆಯೇ ಅದರ ಮೂಲ. ಕಡತವು ಆ ಮೂಲದ ಒಂದು ಪ್ರತಿ ಮಾತ್ರ.

ಈಗ ಪ್ರಕ್ಷೇಪಕ್ಕೆ ಬರೋಣ. ಸ್ಟೀವ್ ಮೆಕರಿ ಜಗತ್ಪ್ರಸಿದ್ಧ ಛಾಯಾಗ್ರಾಹಕರು. ಭಾರತದಲ್ಲಿಯೂ ದೀರ್ಘಕಾಲ ಕೆಲಸ ಮಾಡಿದವರು. ೨೦೧೬ರಲ್ಲಿ ಇಟಲಿಯ ಪ್ರದರ್ಶನವೊಂದರಲ್ಲಿದ್ದ ಅವರ ಕ್ಯೂಬಾದ ಚಿತ್ರದಲ್ಲಿ ಬೀದಿಯ ಕಂಬದ ತುಂಡೊಂದು ಸ್ಥಾನ ತಪ್ಪಿ ಬೇರೆಡೆ ನಿಂತಿರುವುದನ್ನು ಪ್ರೇಕ್ಷಕನೊಬ್ಬನು ಗಮನಿಸಿದನು. ಅನಂತರ ಅವರ ಬೇರೆ ಚಿತ್ರಗಳ ಭಿನ್ನ ಪ್ರತಿಗಳನ್ನು ಹೋಲಿಸಿದಾಗ, ಬಾಂಗ್ಲಾದೇಶದಲ್ಲಿ ಮಳೆನೀರಿನಲ್ಲಿ ಚೆಂಡಾಡುವ ಹುಡುಗರ ಚಿತ್ರದ ಒಂದು ಪ್ರತಿಯಲ್ಲಿದ್ದ ಹುಡುಗನೊಬ್ಬನು ಇನ್ನೊಂದು ಪ್ರತಿಯಲ್ಲಿ ಇರಲಿಲ್ಲ. ತಮ್ಮನ್ನು ಸುದ್ದಿಛಾಯಾಗ್ರಾಹಕನೆಂದಲ್ಲ, ದೃಶ್ಯಗಳ ಮೂಲಕ ಕಥೆ ಹೇಳುವವನೆಂದು ಪರಿಗಣಿಸಬೇಕೆಂಬುದು ಮೆಕರಿಯವರ ಸಮಾಧಾನವಾಗಿತ್ತು. ಆ ಹುಡುಗನು ಇಲ್ಲದ ಪ್ರತಿಯಲ್ಲಿ ವಿನ್ಯಾಸವು ಹೆಚ್ಚು ಬಿಗಿಯಾಗಿರುವುದು ದಿಟ. ಹಾಗಿದ್ದ ಮೇಲೆ ಕಲೆಗೆ ಆದ ನಷ್ಟವೇನು? ಪತ್ರಿಕಾಧರ್ಮಕ್ಕೆ ಲೋಪವಾಗಿರಬಹುದು, ಸೌಂದರ್ಯಕ್ಕೆ ಲಾಭವೇ ಆಯಿತಲ್ಲವೆ ಎಂದು ನಿರಂಕುಶಪಕ್ಷದವರು ಕೇಳುತ್ತಾರೆ.

ನಮ್ಮ ಅಭಿಪ್ರಾಯದಲ್ಲಿ ಪ್ರಶ್ನೆಯ ಮರ್ಮ ಇರುವುದು ಇಲ್ಲಿಯೇ. ನಷ್ಟವು ಕೇವಲ ನೈತಿಕವಾದುದಲ್ಲ. ಅದು ಸೌಂದರ್ಯಕ್ಕೇ ಆದ ನಷ್ಟ. ಶಂಕುಕನ ಚಿತ್ರತುರಗನ್ಯಾಯವನ್ನು ಅಲಂಕಾರಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡಾಗ ಉಂಟಾಗುವ ಜ್ಞಾನವು ಸತ್ಯಜ್ಞಾನವೂ ಅಲ್ಲ, ಮಿಥ್ಯಾಜ್ಞಾನವೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯಜ್ಞಾನವೂ ಅಲ್ಲ, ಇವೆಲ್ಲಕ್ಕಿಂತ ವಿಲಕ್ಷಣವಾದುದು. ಛಾಯಾಚಿತ್ರದ ಕುದುರೆಯಾದರೋ ಹಾಗಲ್ಲ. ಅದು ಯಾವುದೋ ಒಂದು ದಿನ ಯಾವುದೋ ಒಂದು ಎಡೆಯಲ್ಲಿ ನಿಂತಿದ್ದ ಕುದುರೆ. ಅದರ ಮೈಮೇಲೆ ಬಿದ್ದ ಬೆಳಕೇ ಚಿತ್ರವನ್ನು ಬರೆದಿದೆ. ಈ ಅರಿವು ನಮ್ಮ ಆಸ್ವಾದದ ಹೊರಗೆ ನಿಲ್ಲುವ ಸಂಗತಿಯಲ್ಲ. ಆಸ್ವಾದದ ಒಳಗಿನ ಒಂದು ಅಂಶ. ಹೆನ್ರಿ ಕಾರ್ಟಿಯೇ ಬ್ರೆಸಾನ್ ೧೯೩೨ರಲ್ಲಿ ಪ್ಯಾರಿಸಿನ ಸೇಂಟ್ ಲಜಾರ್ ರೈಲುನಿಲ್ದಾಣದ ಹಿಂಬದಿಯಲ್ಲಿ ತೆಗೆದ ಚಿತ್ರವನ್ನು ನೋಡಬಹುದು. ನಿಂತ ನೀರಿನ ಮೇಲೆ ಒಬ್ಬನು ಜಿಗಿದಿದ್ದಾನೆ. ಹಿಮ್ಮಡಿ ಇನ್ನೂ ನೀರನ್ನು ಮುಟ್ಟಿಲ್ಲ. ಹಿಂದಿನ ಬೇಲಿಯ ಮೇಲಿನ ಭಿತ್ತಿಪತ್ರದಲ್ಲಿಯೂ ಒಂದು ಜಿಗಿಯುವ ಆಕೃತಿಯಿದೆ. ಈ ಸಂವಾದವು ತಾನಾಗಿ ಒದಗಿತು, ಕಾದಿದ್ದ ಕಣ್ಣಿಗೆ ಸಿಕ್ಕಿತು ಎಂಬುದರಲ್ಲಿಯೇ ಅದರ ಸೊಗಸು. ಆಕೃತಿಗಳನ್ನು ಬೇರೆಡೆಯಿಂದ ತಂದು ಅಂಟಿಸಿದ್ದೆಂದು ನಾಳೆ ತಿಳಿದರೆ ರೇಖೆಗಳು ಇದ್ದಂತೆಯೇ ಇರುತ್ತವೆ, ರಸ ಮಾತ್ರ ಆರಿಹೋಗುತ್ತದೆ. ಈ ಚಿತ್ರದ ಅಂಚನ್ನು ಕತ್ತರಿಸಿರುವುದು ಪ್ರಸಿದ್ಧವಾಗಿದ್ದರೂ ರಸಹಾನಿ ಆಗಿಲ್ಲ. ಅಂಚನ್ನು ಕತ್ತರಿಸುವುದು ಆಯ್ಕೆ, ಚೌಕಟ್ಟಿನೊಳಗಣ ಆಕೃತಿಯನ್ನು ಅಳಿಸುವುದು ಪಾಠಭೇದ. ಕಾಯುವ ಕಲೆಯ ಫಲವೆಂದು ಅಳಿಸುವ ಕಲೆಯ ಫಲವನ್ನು ನಮಗೆ ನೀಡುವುದು ಪ್ರಕ್ಷೇಪದ ದೋಷ. ಅದು ಒಂದು ಚಿತ್ರವನ್ನಷ್ಟೇ ಅಲ್ಲ, ದಿಟವಾಗಿಯೂ ಕಾದು ಪಡೆದ ಎಲ್ಲ ಚಿತ್ರಗಳನ್ನೂ ಸಂಶಯಕ್ಕೆ ಗುರಿಮಾಡುತ್ತದೆ.

ದೋಷವು ಗಣಕಯಂತ್ರದಲ್ಲಿ ಇಲ್ಲವೆಂಬುದಕ್ಕೆ ಮತ್ತೊಂದು ನಿದರ್ಶನವಿದೆ. ಲಂಡನ್ನಿನ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯವು ಬಿಬಿಸಿಯ ನಿಯತಕಾಲಿಕದೊಡನೆ ನಡೆಸುತ್ತಿದ್ದ ವನ್ಯಜೀವಿ ಛಾಯಾಚಿತ್ರಸ್ಪರ್ಧೆಯಲ್ಲಿ ೨೦೦೯ರ ಪ್ರಥಮ ಪ್ರಶಸ್ತಿಯು ರಾತ್ರಿಯಲ್ಲಿ ದೊಡ್ಡಿಯ ಗೇಟನ್ನು ಹಾರುವ ತೋಳದ ಚಿತ್ರಕ್ಕೆ ಬಂದಿತು. ೨೦೧೦ರ ಜನವರಿಯಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಆ ತೋಳವು ಪಳಗಿಸಿದ ಪ್ರಾಣಿಯಾಗಿರುವ ಸಂಭವವೇ ಹೆಚ್ಚೆಂದು ತೀರ್ಪುಗಾರರು ನಿರ್ಣಯಿಸಿದರು. ಛಾಯಾಗ್ರಾಹಕರು ಅದನ್ನು ಅಲ್ಲಗಳೆದರು. ಇಲ್ಲಿ ವಿವಾದವು ಗಣಕಯಂತ್ರದ ಕೈವಾಡವನ್ನು ಕುರಿತದ್ದಾಗಿರಲಿಲ್ಲ. ಚಿತ್ರವು ಕೊಟ್ಟ ಮಾತನ್ನು ಕುರಿತದ್ದಾಗಿತ್ತು. ಎಷ್ಟು ಬಿಂದುಗಳನ್ನು ಬದಲಾಯಿಸಿದೆ ಎಂದು ಎಣಿಸಿ ಕಲೆಯನ್ನು ತೂಗುವವರಿಗೆ ಇಂಥ ಎಡೆಯಲ್ಲಿ ಹೇಳಲು ಮಾತೇ ಇರುವುದಿಲ್ಲ.

ಮೂರನೆಯದಾದ ನೂತನ ಕಾವ್ಯಕ್ಕೆ ಡಿಜಿಟಲ್ ಪರಿಷ್ಕರಣವು ಮಾಡಿರುವ ಉಪಕಾರ ಅಲ್ಪವಲ್ಲ. ಜರ್ಮನಿಯ ಆಂಡ್ರಿಯಾಸ್ ಗುರ್ಸ್ಕಿ ೧೯೯೯ರ ತನ್ನ 'ರೈನ್ ೨' ಎಂಬ ಚಿತ್ರದಲ್ಲಿ ಎದುರುದಡದ ಕಟ್ಟಡವನ್ನೂ ದಾರಿಹೋಕರನ್ನೂ ತೆಗೆದುಹಾಕಿ, ಹುಲ್ಲು, ನೀರು, ಬಾನು ಇವುಗಳ ನೇರವಾದ ಪಟ್ಟೆಗಳನ್ನು ಮಾತ್ರ ಉಳಿಸಿದನು. ೨೦೧೧ರಲ್ಲಿ ಅದು ನಲವತ್ತಮೂರು ಲಕ್ಷ ಡಾಲರುಗಳಿಗೆ ಹರಾಜಾಯಿತು. ಬೆಲೆಯು ಗುಣಕ್ಕೆ ಪ್ರಮಾಣವಲ್ಲವಾದರೂ ಚಿತ್ರದ ಗುಣ ನಿಜವಾದುದು. ಕಟ್ಟಡವನ್ನು ಅಳಿಸಿದ್ದನ್ನು ಅವನು ಮರೆಮಾಚಲಿಲ್ಲ. ನಮ್ಮ ದೇಶದಲ್ಲಿ ವಿವಾನ್ ಸುಂದರಂ ತಮ್ಮ ಅಜ್ಜ ಉಮರಾವ್ ಸಿಂಗ್ ಶೇರ್‌ಗಿಲ್ ತೆಗೆದಿದ್ದ ಕುಟುಂಬದ ಛಾಯಾಚಿತ್ರಗಳನ್ನು ೨೦೦೧ರಿಂದಾಚೆಗೆ ಗಣಕಯಂತ್ರದಲ್ಲಿ ಬೆಸೆದು 'ರೀಟೇಕ್ ಆಫ್ ಅಮೃತಾ' ಎಂಬ ಮಾಲಿಕೆಯನ್ನು ರಚಿಸಿದರು. ಚಿತ್ರಕಾರ್ತಿ ಅಮೃತಾ ಶೇರ್‌ಗಿಲ್ ಅವರ ಚಿಕ್ಕಮ್ಮ ಅಲ್ಲವೆ ದೊಡ್ಡಮ್ಮ ಎಂಬ ಸಂಬಂಧಕ್ಕಿಂತ ಇಲ್ಲಿ ಮುಖ್ಯವಾದುದು, ಬೇರೆ ಬೇರೆ ಕಾಲದ ಮುಖಗಳು ಒಂದೇ ಚೌಕಟ್ಟಿನಲ್ಲಿ ಎದುರುಬದುರಾಗುವ ರೀತಿ. ನೆನಪು ಕಾಲವನ್ನು ಬೆಸೆಯುವ ಬಗೆಯೇ ಇಲ್ಲಿ ವಸ್ತು. ಹೆಸರೇ ಅದನ್ನು ಸಾರುತ್ತದೆ. ಕತ್ತರಿಯೂ ಗೋಂದೂ ಇಷ್ಟು ನವುರಾಗಿ ಇದನ್ನು ಸಾಧಿಸಲಾರದಾಗಿದ್ದವು. ಇಂಥ ಕೃತಿಗಳನ್ನು ಸಾಕ್ಷ್ಯವೆಂದು ಯಾರೂ ನಂಬುವುದಿಲ್ಲ, ನಂಬಬೇಕೆಂದು ಅವು ಕೇಳುವುದೂ ಇಲ್ಲ.

ಕಲೆಗೆ ನಿಜವಾದ ಅಪಾಯವಿರುವುದು ಸಾಹಸದ ತಿದ್ದುವಿಕೆಯಲ್ಲಿ ಅಲ್ಲ, ಸೋಮಾರಿತನದ ತಿದ್ದುವಿಕೆಯಲ್ಲಿ. ೨೦೨೦ರಿಂದ ಫೋಟೋಶಾಪಿನಲ್ಲಿ ಆಕಾಶವನ್ನೇ ಬದಲಾಯಿಸುವ ಸಲಕರಣೆಯಿದೆ. ಬೇಕಾದ ಮುಗಿಲನ್ನು ಆರಿಸಿದರೆ ಉಳಿದುದನ್ನು ಯಂತ್ರವೇ ಹೊಂದಿಸುತ್ತದೆ. ಲ ಗ್ರೇ ತನ್ನ ಮುಗಿಲನ್ನು ತಾನೇ ಕಾದು ಹಿಡಿದಿದ್ದನು. ಇಲ್ಲದ ಆಕಾಶವನ್ನು ತುಂಬಲು ಅದನ್ನು ಬಳಸಿದನು. ಈಗ ಇರುವ ಆಕಾಶವನ್ನು ತೆಗೆದು ಸಿದ್ಧವಾದ ಆಕಾಶವನ್ನು ಹೊದಿಸುತ್ತಾರೆ. ಅಷ್ಟಾದಶವರ್ಣನೆಗಳನ್ನು ಕಂಡು ಬರೆಯದೆ ಕಂಠಪಾಠದಿಂದ ತುಂಬಿದ ಕಾವ್ಯಗಳು ಸಾಹಿತ್ಯದಲ್ಲಿ ಏನಾದವೆಂಬುದನ್ನು ನಾವು ಬಲ್ಲೆವು.

ಹಾಗಾದರೆ ಪರಿಹಾರವೇನು? ಗ್ರಂಥಸಂಪಾದನ ಶಾಸ್ತ್ರವು ಅದನ್ನು ಎಂದೋ ಕಂಡುಕೊಂಡಿದೆ. ಊಹಿಸಿದ ಪಾಠವನ್ನು ಕಂಸದಲ್ಲಿಟ್ಟು, ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟರೆ ಸಂಪಾದಕನ ಸ್ವಾತಂತ್ರ್ಯವೂ ಉಳಿಯಿತು, ಓದುಗನ ವಿಶ್ವಾಸವೂ ಉಳಿಯಿತು. ೨೦೨೩ರಲ್ಲಿ ಲೈಕಾ ಸಂಸ್ಥೆ ಹೊರತಂದ ಕ್ಯಾಮರಾವೊಂದು ಚಿತ್ರದ ಉತ್ಪತ್ತಿಯ ದಾಖಲೆಯನ್ನು ಕಡತದೊಳಗೇ ಮುದ್ರೆಯೊತ್ತಿ ಇಡುತ್ತದೆ. ಮುಂದೆ ಆಗುವ ಬದಲಾವಣೆಗಳನ್ನು ಅದಕ್ಕೆ ಸೇರಿಸುವ ವ್ಯವಸ್ಥೆಯೂ ಉಂಟು. ಇದು ಛಾಯಾಚಿತ್ರಕ್ಕೆ ದೊರೆತ ಅಡಿಟಿಪ್ಪಣಿಯೆನ್ನಬಹುದು. ಬೆಳಕಿನ ಸ್ಪರ್ಶವೇ ಇಲ್ಲದೆ, ಮಾತಿನ ಸೂಚನೆಯಿಂದಲೇ ಛಾಯಾಚಿತ್ರದಂತಹ ಚಿತ್ರವನ್ನು ಯಂತ್ರವು ಹೆಣೆದುಕೊಡುವ ಈ ಕಾಲದಲ್ಲಿ ಅದರ ಅವಶ್ಯಕತೆ ಹೆಚ್ಚಾಗಿದೆ. ಆದರೆ ಟಿಪ್ಪಣಿಯು ಏನು ಬದಲಾಗಿದೆ ಎಂಬುದನ್ನಷ್ಟೇ ಹೇಳೀತು. ಆ ಬದಲಾವಣೆ ಉಚಿತವೇ ಎಂಬುದನ್ನು ನಿರ್ಣಯಿಸುವ ಹೊಣೆ ವಿಮರ್ಶಕನದು. ಆತನು ಚಿತ್ರವನ್ನು ಕೇಳಬೇಕಾದುದು 'ನಿನ್ನನ್ನು ತಿದ್ದಿದ್ದಾರೆಯೇ' ಎಂದಲ್ಲ. 'ನೀನು ಯಾರ ಹೆಸರಿನಲ್ಲಿ ಮಾತನಾಡುತ್ತಿದ್ದೀಯೆ, ಕಂಡ ಲೋಕದ ಹೆಸರಿನಲ್ಲಿಯೋ ಕಟ್ಟಿದವನ ಹೆಸರಿನಲ್ಲಿಯೋ' ಎಂದು. ಈ ಪ್ರಶ್ನೆಗೆ ನೇರವಾಗಿ ಉತ್ತರ ಕೊಡಬಲ್ಲ ಚಿತ್ರವನ್ನು ಎಷ್ಟು ತಿದ್ದಿದ್ದರೂ ಕಲೆಗೆ ಕೇಡಿಲ್ಲ. ಉತ್ತರವನ್ನು ಮರೆಸುವ ಚಿತ್ರದಲ್ಲಿ ಒಂದು ಕಂಬವನ್ನು ಕದಲಿಸಿದರೂ ಕೇಡುಂಟು.