ವಯಸ್ಕ ದೀಕ್ಷಾರ್ಥಿಗಳ ಉಪದೇಶದಲ್ಲಿ ಕನ್ನಡ ಪರಿಭಾಷೆ

ಕಥೋಲಿಕ ಧರ್ಮಸಭೆಯನ್ನು ಸೇರಬಯಸುವ ವಯಸ್ಕರಿಗೆ ತತ್ತ್ವಬೋಧೆ ಮಾಡುವ ಉಪದೇಶಿಯ ಕಾರ್ಯವು ಬಾಲಬೋಧೆಗಿಂತ ಕಠಿನವಾದುದು. ಮಗುವಿಗೆ ಶಬ್ದವೂ ಅರ್ಥವೂ ಜೊತೆಯಾಗಿಯೇ ದೊರೆಯುವುವು. ವಯಸ್ಕನಿಗಾದರೋ ಶಬ್ದವು ಮೊದಲೇ ಪರಿಚಿತವಾಗಿದ್ದು, ಮನೆ ಮಠ ದೇವಸ್ಥಾನಗಳ ಅರ್ಥವು ಅದರಲ್ಲಿ ತುಂಬಿಕೊಂಡಿರುವುದು. ಬೆಂಗಳೂರಿನ ಪೂರ್ವದಂಚಿನ ಕಾಡುಗೋಡಿಯಲ್ಲಿ ಸತ್ಯಸಾಯಿಬಾಬಾ ಅವರ ಬೃಂದಾವನವಿದೆ. ಅವರನ್ನು ಭಕ್ತರು ಅವತಾರವೆಂದೇ ಭಾವಿಸುವರು. ಅಂತಹ ಊರಿನಲ್ಲಿ ಬೆಳೆದವನಿಗೆ ‘ಅವತಾರ’ ಶಬ್ದವನ್ನು ಯಾರೂ ಕಲಿಸಬೇಕಾಗಿಲ್ಲ. ತೊಡಕು ಹುಟ್ಟುವುದೂ ಅಲ್ಲಿಯೇ.

ಗೀತೆಯ 4ನೆಯ ಅಧ್ಯಾಯದ ಅವತಾರವು ಯುಗಯುಗಕ್ಕೂ ಆಗತಕ್ಕದ್ದು. ಕ್ರೈಸ್ತರ ‘ಮನುಷ್ಯಾವತಾರ’ವು ಒಂದೇ ಸಲ ನಡೆದುದು, ಪುನರಾವೃತ್ತಿಯಿಲ್ಲದುದು. ‘ಮನುಷ್ಯ’ ಎಂಬ ವಿಶೇಷಣವು ರೂಪವನ್ನು ತಿಳಿಸಿತೇ ಹೊರತು ಈ ಏಕತ್ವವನ್ನು ತಿಳಿಸಲಿಲ್ಲ. ರಾಮನೂ ಕೃಷ್ಣನೂ ಮನುಷ್ಯರೂಪದವರೇ ಅಲ್ಲವೆ? ತಾರ್ಕಿಕರು ಇದನ್ನು ಅತಿವ್ಯಾಪ್ತಿ ಎನ್ನುವರು.

‘ಸಂಸ್ಕಾರ’ ಶಬ್ದದ ಆಯ್ಕೆ ಇದಕ್ಕಿಂತ ಮೇಲಾದುದು. ಸಂಸ್ಕಾರವು ಗುಣಾಧಾನದಿಂದಲೋ ದೋಷಾಪನಯನದಿಂದಲೋ ಆಗುವುದೆಂದು ಶಂಕರಾಚಾರ್ಯರು ಸಮನ್ವಯಾಧಿಕರಣದಲ್ಲಿ ಹೇಳಿರುವರು. ಜ್ಞಾನಸ್ನಾನದಲ್ಲಿ ಜನ್ಮಪಾಪವು ತೊಲಗಿ ವರಪ್ರಸಾದವು ಲಭಿಸುವುದೆಂಬಲ್ಲಿ ಈ ಎರಡೂ ಕೂಡಿವೆ. ‘ಜ್ಞಾನಸ್ನಾನ’ವೆಂಬ ಸಮಾಸವೂ ಸ್ವಾರಸ್ಯವುಳ್ಳದ್ದೇ. ಪ್ರೊಟೆಸ್ಟಂಟರ ‘ದೀಕ್ಷಾಸ್ನಾನ’ವು ಹೆಚ್ಚು ವಿಶದವೆಂದು ತೋರಬಹುದು, ಆದರೆ 2ನೆಯ ಶತಮಾನದ ಜಸ್ಟಿನನು ಈ ಸ್ನಾನವನ್ನು ‘ಬೆಳಗುವಿಕೆ’ ಎಂದು ಕರೆದಿರುವುದನ್ನು ನೆನೆದರೆ, ‘ಜ್ಞಾನ’ವೆಂಬ ಪೂರ್ವಪದವು ನಿರರ್ಥಕವಲ್ಲ. ವಯಸ್ಕನ ವಿಷಯದಲ್ಲಂತೂ ಅದು ಅಕ್ಷರಶಃ ಸಲ್ಲುವುದು.

ಬೋಧನೆಯ ರೂಪವನ್ನೂ ವಿಚಾರಿಸಬೇಕು. ಥಾಮಸ್ ಸ್ಟೀಫನ್ಸನ ಕೊಂಕಣಿ ಧರ್ಮೋಪದೇಶವು ಅವನು ತೀರಿಹೋದ ಬಳಿಕ 1622ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಗುರುಶಿಷ್ಯರ ಪ್ರಶ್ನೋತ್ತರವಾದ ಆ ಗ್ರಂಥಕ್ಕೆ ಆಧಾರವು ಮಾರ್ಕೋಸ್ ಜೋರ್ಜನು ಮಕ್ಕಳಿಗಾಗಿ ಬರೆದ ಪೋರ್ಚುಗೀಸ್ ಪುಸ್ತಕ. 17ನೆಯ ಶತಮಾನದ ಮಧ್ಯದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿಟ್ ಲಿಯೊನಾರ್ಡೊ ಚಿನ್ನಮಿಯು ಕನ್ನಡದಲ್ಲಿಯೂ ಧರ್ಮೋಪದೇಶವನ್ನು ರಚಿಸಿದನು. ಬಾಲಬೋಧೆಯ ಪ್ರಶ್ನೆಗಳಿಗೆ ಉತ್ತರವು ಸಿದ್ಧವಾಗಿರುವುದು. ಕಂಠಪಾಠಕ್ಕೆ ಅದು ಸಾಕು. ಪ್ರಶ್ನೋಪನಿಷತ್ತಿನ ಆರು ಮಂದಿಯಾದರೋ ತಂತಮ್ಮ ಸಂದೇಹಗಳನ್ನೇ ಹೊತ್ತು ಬಂದವರು. ಪಿಪ್ಪಲಾದನು ಅವರನ್ನು ಒಂದು ಸಂವತ್ಸರ ತನ್ನಲ್ಲಿರಿಸಿಕೊಂಡ ಮೇಲೆಯೇ ಉತ್ತರಕ್ಕೆ ತೊಡಗಿದನು. 2ನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಪುನಃಸ್ಥಾಪಿಸಬೇಕೆಂದು ವಿಧಿಸಿ, ರೋಮ್ 1972ರಲ್ಲಿ ಪ್ರಕಟಿಸಿದ ವಯಸ್ಕರ ದೀಕ್ಷಾಕ್ರಮವು ಇದಕ್ಕೆ ಸಮೀಪವಾಗಿದೆ: ವಿಚಾರಣೆ, ಉಪದೇಶ, ಶುದ್ಧೀಕರಣಗಳೆಂಬ ಕಾಲಗಳನ್ನು ದಾಟಿ, ಈಸ್ಟರಿನ ಮುನ್ನಿರುಳ ಜಾಗರಣೆಯಲ್ಲಿ ಸ್ನಾನ, ರಹಸ್ಯಗಳ ವಿವರಣೆಗೆ ಅದರ ಮೇಲೆಯೂ ಒಂದು ಕಾಲ.

ಈ ದೀರ್ಘಕಾಲದಲ್ಲಿ ದೀಕ್ಷಾರ್ಥಿಯನ್ನು ಹೆಚ್ಚಾಗಿ ಬಾಧಿಸುವ ಶಬ್ದವು ‘ಪರಮಪ್ರಸಾದ’. ದೇವಸ್ಥಾನದಲ್ಲಿ ಪ್ರಸಾದವೆಂದರೆ ಕೈಯೊಡ್ಡಿದವನಿಗೆ ಇಲ್ಲವೆನ್ನದೆ ಕೊಡತಕ್ಕದ್ದು. ಬೇಡವೆಂದರೆ ಕೊಡುವವನಿಗೇ ಕೆಡುಕೆನಿಸುವುದು. ಇಲ್ಲಿಯಾದರೋ ಬಲಿಪೂಜೆಗೆ ತಪ್ಪದೆ ಬರುವ ದೀಕ್ಷಾರ್ಥಿಯು ಸ್ನಾನವಾಗುವವರೆಗೆ ಅದನ್ನು ಸ್ವೀಕರಿಸುವಂತಿಲ್ಲ. ಶಬ್ದವು ಕರೆಯುವುದು, ವಿಧಿಯು ತಡೆಯುವುದು. ಪರಕೀಯ ಶಬ್ದವನ್ನೇ ಉಳಿಸಿಕೊಂಡಿದ್ದರೆ ಈ ನೋವಿರುತ್ತಿರಲಿಲ್ಲವೆಂದು ಆಕ್ಷೇಪಿಸಬಹುದು. ಆಗ ನೋವಿನೊಡನೆ ಅನುಗ್ರಹ, ಪ್ರಸನ್ನತೆ ಎಂಬ ಅರ್ಥಗಳೂ ಹೋಗುತ್ತಿದ್ದವು, ಅದು ಲಾಭವಲ್ಲ. ಶಬ್ದವು ಉಳಿಯಲಿ, ಆದರೆ ಇದು ನೈವೇದ್ಯಶೇಷವಲ್ಲ, ಕ್ರಿಸ್ತನ ಶರೀರವೆಂದೇ ಧರ್ಮಸಭೆಯು ನಂಬುವುದೆಂಬ ಭೇದವನ್ನು ಮೊದಲ ತಿಂಗಳಲ್ಲಿಯೇ ಬಿಡಿಸಿ ಹೇಳಬೇಕು. ಸುಮಾರು ಕ್ರಿ.ಶ. 400ರಲ್ಲಿ ಅಗಸ್ಟೀನನು ಕಾರ್ಥೇಜಿನ ಉಪದೇಶಕನೊಬ್ಬನಿಗಾಗಿ ಬರೆದ ಗ್ರಂಥದಲ್ಲಿ, ಬಂದವನ ಪ್ರೇರಣೆಯೇನೆಂದು ಮೊದಲು ವಿಚಾರಿಸಬೇಕೆಂದಿರುವನು. ಕನ್ನಡದ ಉಪದೇಶಿಯು ಅದರೊಡನೆ ಇನ್ನೊಂದನ್ನೂ ಕೇಳಬೇಕಾಗಿದೆ: ಪ್ರಸಾದವೆಂದರೆ ನಿಮ್ಮ ಮನೆಯಲ್ಲಿ ಏನು?