ಕ್ಲಚ್ ತುಳಿಯದೆ ಗೇರು: ಬಲಗಾಲಿನ ವಿದ್ಯೆ

ಮ್ಯಾನ್ಯುಯಲ್ ಗೇರಿನ ಕಾರಿನಲ್ಲಿ ಕ್ಲಚ್ ಎರಡು ಕೆಲಸ ಮಾಡುತ್ತದೆ: ನಿಂತ ಗಾಡಿಯನ್ನು ಎಂಜಿನ್ ಬಂದ್ ಆಗದಂತೆ ಮೆಲ್ಲಗೆ ಎಳೆದು ಹೊರಡಿಸುವುದು ಒಂದಾದರೆ, ಓಡುವಾಗ ಗೇರು ಬದಲಿಸುವ ಗಳಿಗೆಯಲ್ಲಿ ಎಂಜಿನ್ನಿನ ಶಕ್ತಿಯು ಗೇರ್‌ಬಾಕ್ಸಿಗೆ ತಲುಪದಂತೆ ತಡೆಯುವುದು ಇನ್ನೊಂದು. ಮೊದಲನೆಯ ಕೆಲಸಕ್ಕೆ ಸಲೀಸಾದ ಬದಲಿ ಮಾರ್ಗವಿಲ್ಲ; ಎರಡನೆಯದನ್ನು ಮಾತ್ರ ನುರಿತ ಚಾಲಕನು ಆಕ್ಸಿಲರೇಟರ್ ಮೇಲಿರುವ ಬಲಗಾಲಿನಿಂದಲೇ ಸಾಧಿಸಬಲ್ಲನು.

ಇದು ಸಾಧ್ಯವಾಗುವುದು ಗೇರ್‌ಬಾಕ್ಸಿನ ಒಳರಚನೆಯಿಂದ. ಇಂದಿನ ಕಾರುಗಳಲ್ಲಿ ಮುಂದಕ್ಕೆ ಚಲಿಸುವ ಗೇರುಗಳ ಹಲ್ಲುಚಕ್ರಗಳೆಲ್ಲ ಸದಾ ಒಂದಕ್ಕೊಂದು ಕೂಡಿಕೊಂಡೇ ತಿರುಗುತ್ತಿರುತ್ತವೆ. ಗೇರ್ ಲಿವರ್ ಸರಿಸುವುದು ಆ ಚಕ್ರಗಳನ್ನಲ್ಲ, ಬೇಕಾದ ಚಕ್ರವನ್ನು ಅದರ ಶಾಫ್ಟಿಗೆ ಬಿಗಿಯುವ ‘ಸ್ಲೀವ್’ ಎಂಬ ಬಳೆಯನ್ನು. ಎಂಜಿನ್ ಗಾಡಿಯನ್ನು ಎಳೆಯುತ್ತಿರುವಾಗಲೂ ಗಾಡಿಯೇ ಎಂಜಿನ್ನನ್ನು ದೂಡುತ್ತಿರುವಾಗಲೂ ಈ ಬಳೆಯ ಹಲ್ಲುಗಳು ಒತ್ತಡದಲ್ಲಿ ಸಿಕ್ಕಿಕೊಂಡಿರುವುದರಿಂದ ಲಿವರ್ ಸುಲಭವಾಗಿ ಕದಲುವುದಿಲ್ಲ. ಆಕ್ಸಿಲರೇಟರನ್ನು ಹದವಾಗಿ ಸಡಿಲಿಸಿ, ಎಳೆತವೂ ದೂಡುವಿಕೆಯೂ ಇಲ್ಲದ ಕ್ಷಣವನ್ನು ಹಿಡಿದರೆ, ಅದೇ ಲಿವರ್ ಎರಡು ಬೆರಳ ಬಲಕ್ಕೆ ನ್ಯೂಟ್ರಲ್‌ಗೆ ಬರುತ್ತದೆ.

ಹೊಸ ಗೇರು ಕೂರಬೇಕಾದರೆ ಎಂಜಿನ್ನಿನ ವೇಗವು ಆ ಗೇರು ಕೇಳುವ ವೇಗಕ್ಕೆ ಹೊಂದಬೇಕು. ಮೂರನೆಯ ಗೇರಿನ ಅನುಪಾತ 1.4, ನಾಲ್ಕನೆಯದು 1.0 ಎಂದಿಟ್ಟುಕೊಂಡರೆ, ಮೂರರಲ್ಲಿ ನಿಮಿಷಕ್ಕೆ 2,800 ಸುತ್ತು ತಿರುಗುವ ಎಂಜಿನ್ ನಾಲ್ಕಕ್ಕೆ ಬರುವಾಗ 2,000 ಸುತ್ತಿಗೆ ಇಳಿಯಬೇಕಾಗುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತಾನಾಗಿಯೇ ನಿಧಾನಗೊಳ್ಳುವುದರಿಂದ ಮೇಲಿನ ಗೇರು ಸುಲಭ. ಲಿವರನ್ನು ಹಗುರವಾಗಿ ಒತ್ತಿಹಿಡಿದು ಕಾದರೆ ಸರಿಯಾದ ವೇಗದಲ್ಲಿ ಅದು ಒಳಗೆ ಜಾರುತ್ತದೆ. ಕೆಳಗಿನ ಗೇರಿಗೆ ಇದೇ ಲೆಕ್ಕ ತಿರುಗುಮುರುಗಾಗಿ, 2,000ದಿಂದ 2,800ಕ್ಕೆ ಎಂಜಿನ್ನನ್ನು ಅಳತೆ ತಪ್ಪದೆ ಏರಿಸಬೇಕಾದುದರಿಂದ ಕೌಶಲದ ನಿಜವಾದ ಪರೀಕ್ಷೆ ಅಲ್ಲಿಯೇ ನಡೆಯುತ್ತದೆ.

ಹಿಂದಿನ ಚಾಲಕರಿಗೆ ವೇಗ ಹೊಂದಿಸುವುದು ಹವ್ಯಾಸವಾಗಿರದೆ ಅನಿವಾರ್ಯವಾಗಿತ್ತು. ಎರಡು ಭಾಗಗಳ ವೇಗವನ್ನು ಘರ್ಷಣೆಯಿಂದ ತಾನೇ ಸರಿಹೊಂದಿಸುವ ‘ಸಿಂಕ್ರೊಮೆಶ್’ ವ್ಯವಸ್ಥೆಯನ್ನು ಅಮೆರಿಕದ ಕ್ಯಾಡಿಲಾಕ್ ಕಂಪನಿ 1928ರಲ್ಲಿ ಬಳಕೆಗೆ ತರುವವರೆಗೂ, ನ್ಯೂಟ್ರಲ್‌ನಲ್ಲಿ ಒಮ್ಮೆ ಕ್ಲಚ್ ಬಿಟ್ಟು ಮತ್ತೆ ತುಳಿಯುವ ‘ಡಬಲ್ ಕ್ಲಚ್’ ಪದ್ಧತಿಯೇ ಆಸರೆಯಾಗಿತ್ತು. ಭಾರತದ ಹಳೆಯ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳ ಮೊದಲ ಗೇರಿಗೆ ಸಿಂಕ್ರೊಮೆಶ್ ಇರಲಿಲ್ಲವಾದ್ದರಿಂದ ಓಡುವ ಗಾಡಿಯನ್ನು ಮೊದಲ ಗೇರಿಗೆ ತರುವವರು ಈ ವಿದ್ಯೆಯನ್ನು ಬಲ್ಲವರಾಗಿರಬೇಕಿತ್ತು. ಅಮೆರಿಕದ ಭಾರಿ ಲಾರಿಗಳಲ್ಲಿ ಸಿಂಕ್ರೊಮೆಶ್ ಇಲ್ಲದ ಗೇರ್‌ಬಾಕ್ಸುಗಳು ಇಂದಿಗೂ ಇದ್ದು, ಅನೇಕ ಚಾಲಕರು ಹೊರಡಲು ಮತ್ತು ನಿಲ್ಲಿಸಲು ಮಾತ್ರ ಕ್ಲಚ್ ತುಳಿಯುತ್ತಾರೆ.

ಲಾರಿಗೆ ಒಪ್ಪುವುದು ಕಾರಿಗೆ ಒಪ್ಪದಿರಲು ಕಾರಣ ಸಿಂಕ್ರೊಮೆಶ್ಶೇ. ಅದರ ರಿಂಗುಗಳು, ಹೆಚ್ಚಾಗಿ ಹಿತ್ತಾಳೆಯವು, ಕ್ಲಚ್ ತುಳಿದಾಗ ಎಂಜಿನ್ನಿನಿಂದ ಬೇರ್ಪಟ್ಟ ಕ್ಲಚ್ ಪ್ಲೇಟ್ ಮತ್ತು ಅದರ ಶಾಫ್ಟಿನ ಅಲ್ಪ ಭಾರವನ್ನಷ್ಟೇ ನಿಯಂತ್ರಿಸುವಂತೆ ರೂಪುಗೊಂಡಿವೆ. ಕ್ಲಚ್ ತುಳಿಯದಿದ್ದಾಗ ಫ್ಲೈವೀಲ್ ಸಮೇತ ಇಡೀ ಎಂಜಿನ್ನಿನ ಜಡತ್ವ ಆ ಪುಟ್ಟ ರಿಂಗಿನ ಮೇಲೆ ಬೀಳುತ್ತದೆ. ವೇಗ ಪೂರ್ತಿ ಹೊಂದಿದ್ದರೆ ಹಾನಿ ಅತ್ಯಲ್ಪ, ತಪ್ಪಿದಾಗ ಬಲವಂತವಾಗಿ ಒತ್ತಿದರೆ ರಿಂಗು ಸವೆಯುತ್ತದೆ. ಕಿರ್ರೆಂಬ ಸದ್ದು ಕೇಳಿದೊಡನೆ ಲಿವರನ್ನು ನ್ಯೂಟ್ರಲ್‌ಗೆ ಮರಳಿಸುವುದೇ ವಿವೇಕ.

ಈ ವಿದ್ಯೆಯ ನಿಜವಾದ ಉಪಯೋಗ ಕಾಣುವುದು ದಾರಿಯ ನಡುವೆ ಕ್ಲಚ್ ಕೇಬಲ್ ತುಂಡಾದಾಗ. ಎಂಜಿನ್ ಆರಿಸಿ, ಮೊದಲ ಗೇರಿಗೆ ಹಾಕಿ, ಎದುರಿನ ದಾರಿ ತೆರವಿರುವುದನ್ನು ನೋಡಿಕೊಂಡು ಸ್ಟಾರ್ಟರ್ ತಿರುಗಿಸಿದರೆ ಗಾಡಿ ಜಗ್ಗುತ್ತಲೇ ಹೊರಡುತ್ತದೆ. ಆದರೆ ಕ್ಲಚ್ ಪೆಡಲ್ ತುಳಿಯದೆ ಸ್ಟಾರ್ಟ್ ಆಗದಂತೆ ತಡೆಯುವ ಸ್ವಿಚ್ ಇರುವ ಕಾರುಗಳಲ್ಲಿ, ಕೇಬಲ್ ತುಂಡಾಗಿದ್ದರೂ ಆ ಪೆಡಲನ್ನು ಕೆಳಗೊತ್ತಲೇಬೇಕು. ನಿಲ್ಲುವ ಮುನ್ನ ನ್ಯೂಟ್ರಲ್‌ಗೆ ತರಬೇಕು, ವಾಹನದಟ್ಟಣೆಯ ರಸ್ತೆಯನ್ನು ತಪ್ಪಿಸಬೇಕು. ನಿತ್ಯದ ರೂಢಿಯಾಗಿ ಇದರಿಂದ ಉಳಿಯುವುದು ಕ್ಲಚ್ಚಿನ ಅಲ್ಪ ಸವೆತ ಮಾತ್ರ, ಪಣಕ್ಕಿಡುವುದು ಅದಕ್ಕಿಂತ ದುಬಾರಿಯಾದ ಗೇರ್‌ಬಾಕ್ಸನ್ನು. ಆದ್ದರಿಂದ ಕಾರಿನ ಒಡೆಯರು ಇದನ್ನು ತಿಳಿದಿರಬೇಕು, ಆದರೆ ಗ್ಯಾರೇಜು ಮುಟ್ಟುವವರೆಗಷ್ಟೇ ಬಳಸಬೇಕು.