ಹುಳು ಬಿದ್ದ ಕಣ್ಣು: ಫುಲ್ಚಿ ಮತ್ತು ವಿಡಿಯೊ ಕ್ಯಾಸೆಟ್ಟಿನ ಬೀಭತ್ಸ

ಇಟಲಿಯ ಜೋಂಬಿ ಚಿತ್ರಗಳ ಬಗ್ಗೆ ಚಾಲ್ತಿಯಲ್ಲಿರುವ ತೀರ್ಪು ಎರಡೇ ಮಾತಿನದು. ಅವು ಅಮೆರಿಕದ ಜಾರ್ಜ್ ರೊಮೆರೊನ ಅಗ್ಗದ ನಕಲುಗಳು. ಅವನ್ನು ಮನೆಯಲ್ಲಿ ಕ್ಯಾಸೆಟ್ ಹಾಕಿ ನೋಡಿ ಮೆಚ್ಚಿದವರು ನೆತ್ತರಿನ ಚಟದವರು. ಮೊದಲನೆಯ ಮಾತಿನಲ್ಲಿ ಅರ್ಧ ಸತ್ಯವಿದೆ. ಎರಡನೆಯದರಲ್ಲಿ ಅಷ್ಟೂ ಇಲ್ಲ.

ರೊಮೆರೊನ 'ಡಾನ್ ಆಫ್ ದ ಡೆಡ್' 1978ರಲ್ಲಿ ಇಟಲಿಯ ತೆರೆಗೆ ಬಂದದ್ದು ಡಾರಿಯೊ ಅರ್ಜೆಂಟೊನ ಸಂಕಲನದಲ್ಲಿ, 'ಜೋಂಬಿ' ಎಂಬ ಹೆಸರಿನಲ್ಲಿ. ಮರುವರ್ಷವೇ ಲೂಚಿಯೊ ಫುಲ್ಚಿಯ 'ಜೋಂಬಿ 2' ಬಂತು. ಹೆಸರನ್ನು ಎಗರಿಸಿದ್ದು ನಿಜ, ಅದು ನಿರ್ಮಾಪಕರ ವ್ಯಾಪಾರ. ಆದರೆ ರೊಮೆರೊನ ಹೆಣಗಳು ಶಾಪಿಂಗ್ ಮಾಲಿನಲ್ಲಿ ಅಲೆದು ಕೊಳ್ಳುಬಾಕತನವನ್ನು ಅಣಕಿಸಿದರೆ, ಫುಲ್ಚಿಯವು ಕೆರಿಬಿಯನ್ ದ್ವೀಪವೊಂದರ ಮಣ್ಣಿನಿಂದ, ನೂರಾರು ವರ್ಷಗಳ ಹಿಂದೆ ಹೂತ ಸ್ಪ್ಯಾನಿಷ್ ದಾಳಿಕೋರರ ಗೋರಿಗಳಿಂದ ಏಳುತ್ತವೆ. ಅವುಗಳ ವಂಶಮೂಲ ಹುಡುಕುವವರು ಮಾಲನ್ನು ಬಿಟ್ಟು ಜಾಕ್ ಟೂರ್ನರನ 1943ರ 'ಐ ವಾಕ್ಡ್ ವಿತ್ ಎ ಜೋಂಬಿ'ಯ ಕಬ್ಬಿನ ಗದ್ದೆಗೆ ಹೋಗಬೇಕು.

ಈ ಪಂಥದ ಉಳಿದವರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಉಂಬೆರ್ತೊ ಲೆಂಜಿಯ 'ನೈಟ್‌ಮೇರ್ ಸಿಟಿ' (1980) ಬರೀ ಓಟ. ಅದೇ ವರ್ಷದ ಬ್ರೂನೊ ಮತ್ತೆಯಿಯ 'ಹೆಲ್ ಆಫ್ ದ ಲಿವಿಂಗ್ ಡೆಡ್' ಬೇರೆಯವರ ಸಾಕ್ಷ್ಯಚಿತ್ರದ ತುಣುಕುಗಳನ್ನೂ ಗಾಬ್ಲಿನ್ ತಂಡದ ಹಳೆಯ ಸಂಗೀತವನ್ನೂ ಹೊಲಿದು ಮಾಡಿದ ಕೌದಿ. ನಕಲು ಎಂಬ ಬೈಗುಳ ಸಲ್ಲುವುದು ಇಂಥವಕ್ಕೆ. ಪಂಥಕ್ಕೆ ಒಂದು ದೃಷ್ಟಿ ಎಂಬುದಿದ್ದರೆ ಅದು ಫುಲ್ಚಿಯದು.

1927ರಲ್ಲಿ ರೋಮಿನಲ್ಲಿ ಹುಟ್ಟಿದ ಫುಲ್ಚಿ ಹಾಸ್ಯಚಿತ್ರ, ವೆಸ್ಟರ್ನ್, ಕೊಲೆಯ ಕಥೆ ಎಲ್ಲವನ್ನೂ ಮಾಡಿ, ಐವತ್ತು ದಾಟಿದ ಮೇಲೆ ಹೆಣಗಳತ್ತ ತಿರುಗಿದವ. ಛಾಯಾಗ್ರಾಹಕ ಸೆರ್ಜಿಯೊ ಸಲ್ವಾತಿ, ಸಂಗೀತಗಾರ ಫಾಬಿಯೊ ಫ್ರಿಜ್ಜಿ, ಪ್ರಸಾಧನದ ಜನ್ನೆತ್ತೊ ದೆ ರೊಸ್ಸಿ ಅವನ ಜೊತೆಗಾರರು. 'ಜೋಂಬಿ 2'ರಲ್ಲಿ ವೈದ್ಯನ ಹೆಂಡತಿ ಬಾಗಿಲನ್ನು ಒತ್ತಿ ಹಿಡಿದಿದ್ದಾಳೆ. ಹಲಗೆ ಒಡೆದು ಒಳಬಂದ ಕೊಳೆತ ಕೈ ಅವಳ ಜುಟ್ಟು ಹಿಡಿಯುತ್ತದೆ. ಮುರಿದ ಹಲಗೆಯ ಒಂದು ಸೀಳು ಅಡ್ಡಕ್ಕೆ ಚಾಚಿಕೊಂಡಿದೆ. ಕ್ಯಾಮೆರಾ ಒಮ್ಮೆ ಸೀಳಿನ ಮೊನೆಯನ್ನು, ಒಮ್ಮೆ ಅವಳ ಕಣ್ಣನ್ನು ತೋರಿಸುತ್ತ, ಅವೆರಡರ ನಡುವಿನ ಅಂತರವನ್ನು ಅಂಗುಲ ಅಂಗುಲವಾಗಿ ಕರಗಿಸುತ್ತದೆ. ಬೇರೆ ನಿರ್ದೇಶಕರು ತಪ್ಪದೆ ಕತ್ತರಿಸುತ್ತಿದ್ದ ಕ್ಷಣದಲ್ಲಿ ಫುಲ್ಚಿ ಕತ್ತರಿಸುವುದಿಲ್ಲ. ಚುಚ್ಚಿಸಿಕೊಳ್ಳುವುದು ನೋಡುವ ಅಂಗವೇ. ಪ್ರೇಕ್ಷಕನ ಕೈ ತಾನಾಗಿ ಮುಖಕ್ಕೆ ಹೋಗುವುದು ಅದಕ್ಕೇ. 'ದ ಬಿಯಾಂಡ್' (1981) ಇದೇ ಗೀಳನ್ನು ಕೊನೆ ಮುಟ್ಟಿಸುತ್ತದೆ. ನಾಯಕ ನಾಯಕಿಯರು ಹೆಣಗಳು ಚೆಲ್ಲಿದ ಬೂದು ಬಯಲಿನಲ್ಲಿ, ಬಿಳಿಚಿದ ಕುರುಡು ಕಣ್ಣುಗಳೊಡನೆ ನಿಂತುಬಿಡುತ್ತಾರೆ. ಕಥೆಗೆ ತರ್ಕವಿಲ್ಲ ಎಂದು ದೂರುವವರು ಕೆಟ್ಟ ಕನಸಿಗೂ ಕಾರಣಪತ್ರ ಕೇಳಬಲ್ಲರು.

ಇಷ್ಟೆಲ್ಲ ಜನಕ್ಕೆ ತಲುಪಿದ್ದು ಹೆಚ್ಚಾಗಿ ಕ್ಯಾಸೆಟ್ಟಿನಿಂದ, ಅದೂ ಅಂಗಹೀನವಾಗಿ. 2.35:1 ಅಗಲದ ಚೌಕಟ್ಟನ್ನು ಅಂದಿನ ಟಿವಿಗೆ ತುಂಬಲು ಇಕ್ಕೆಲ ಕತ್ತರಿಸಿದರೆ ಐದರಲ್ಲಿ ಎರಡು ಪಾಲು ಚಿತ್ರ ಹೋಗುತ್ತದೆ. ಸಲ್ವಾತಿಯ ಮಂಜು, ಖಾಲಿ ರಸ್ತೆ ಎಲ್ಲ ಹೋಗಿ, ಕಣ್ಣಿನ ಸಮೀಪಚಿತ್ರ ಮಾತ್ರ ಉಳಿಯಿತು. ಅಮೆರಿಕದಲ್ಲಂತೂ 'ದ ಬಿಯಾಂಡ್' 1983ರಲ್ಲಿ ಬೇರೆ ಹೆಸರು, ಬೇರೆ ಸಂಗೀತ ಹೊತ್ತು, ಕತ್ತರಿ ತಿಂದು ಬಂತು. ನಿರ್ದೇಶಕನ ಹೆಸರೂ ಲೂಯಿಸ್ ಫುಲ್ಲರ್ ಎಂದಾಯಿತು. ಆದರೂ ಕ್ಯಾಸೆಟ್ ಒಂದು ಸೌಲಭ್ಯ ಕೊಟ್ಟಿತು: ನಿಲ್ಲಿಸಿ, ಹಿಂದೆ ತಿರುಗಿಸಿ ನೋಡುವುದು. ಬಾಡಿಗೆ ಟೇಪು ಸವೆದು ಗೆರೆ ಬೀಳುತ್ತಿದ್ದುದು ಇಂಥ ದೃಶ್ಯಗಳಲ್ಲಿಯೇ. ನೆತ್ತರು ಮಾತ್ರ ಬೇಕಾದವನಿಗೆ ಒಮ್ಮೆ ನೋಡಿದರೆ ಸಾಕು. ಐದನೆಯ ಸಲ ತಿರುಗಿಸುವವನು ರಬ್ಬರಿನ ಕೀಲು ಎಲ್ಲಿದೆ, ಕ್ಯಾಮೆರಾ ಯಾವಾಗ ಜಾಗ ಬದಲಿಸಿತು ಎಂದು ಹುಡುಕುತ್ತಿರುತ್ತಾನೆ. ಅದು ವಿಮರ್ಶಕನ ಕೆಲಸ.

ಬ್ರಿಟನ್ ಇದನ್ನು ಅಪರಾಧವೆಂದು ಓದಿತು. ಅಲ್ಲಿನ ಪ್ರಾಸಿಕ್ಯೂಷನ್ ಇಲಾಖೆಯ 'ವಿಡಿಯೊ ನ್ಯಾಸ್ಟಿ' ಪಟ್ಟಿಗಳಲ್ಲಿ ಒಟ್ಟು 72 ಚಿತ್ರಗಳಿದ್ದವು. 39 ಚಿತ್ರಗಳು ನ್ಯಾಯಾಲಯದಲ್ಲಿ ತಪ್ಪಿತಸ್ಥವೆನಿಸಿದವು. 'ಜೋಂಬಿ ಫ್ಲೆಶ್ ಈಟರ್ಸ್' ಎಂಬ ಹೆಸರಿನಲ್ಲಿ 'ಜೋಂಬಿ 2' ಆ 39ರಲ್ಲಿ ಒಂದು. 1984ರ ಕಾಯ್ದೆ ಕ್ಯಾಸೆಟ್ಟುಗಳಿಗೂ ಸೆನ್ಸಾರ್ ಪ್ರಮಾಣಪತ್ರ ಕಡ್ಡಾಯ ಮಾಡಿತು. ನಿಷೇಧದಿಂದ ಚಿತ್ರದ ಗೌರವ ಏರಿತು ಎನ್ನುವುದು ಸವಕಲು ಮಾತು. ನಿಜವಾಗಿ ಆದದ್ದು, ಅಖಂಡ ಪ್ರತಿಗಾಗಿ ಹುಡುಕಾಡಿದ ಪ್ರೇಕ್ಷಕ ಯಾವ ಚೌಕಟ್ಟು ಎಲ್ಲಿ ಕಾಣೆಯಾಗಿದೆ ಎಂದು ಸಂಕಲನಕಾರನಷ್ಟು ನಿಖರವಾಗಿ ಬಲ್ಲವನಾದ.

ಜಗಳ ಇರುವುದು ಅಭಿರುಚಿಯಲ್ಲಿ. ಶೃಂಗಾರ, ಕರುಣ ರಸಗಳಿಗೆ ಮಣೆ ಹಾಕುವ ಸಭ್ಯ ವಿಮರ್ಶೆ ಜುಗುಪ್ಸೆ ಎದುರಾದೊಡನೆ ಪೊಲೀಸರ ಭಾಷೆ ಆಡುತ್ತದೆ. ನಾಟ್ಯಶಾಸ್ತ್ರಕ್ಕೆ ಈ ಮಡಿವಂತಿಕೆ ಇರಲಿಲ್ಲ. ಅದು ಬೀಭತ್ಸವನ್ನು ಎಂಟು ರಸಗಳಲ್ಲಿ ಒಂದೆಂದು ಎಣಿಸಿ, ನೆತ್ತರು ಮೊದಲಾದವುಗಳಿಂದ ಹುಟ್ಟುವ ಕ್ಷೋಭಜ, ಹುಳು ಹೊಲಸಿನಿಂದ ಹುಟ್ಟುವ ಉದ್ವೇಗಿ ಎಂದು ಬಗೆಗಳನ್ನೂ ಬಿಡಿಸಿತು. ಕಣ್ಣಿನ ಗುಳಿಯಲ್ಲಿ ಹುಳು ಜೋಲುವ ಫುಲ್ಚಿಯ ಜೋಂಬಿಗೆ ಇದಕ್ಕಿಂತ ಒಪ್ಪುವ ಪರಿಭಾಷೆ ಪಶ್ಚಿಮದ ವಿಮರ್ಶೆಯಲ್ಲಿಲ್ಲ. ರನ್ನನ ದುರ್ಯೋಧನ ಹೆಣಗಳನ್ನು ತುಳಿಯುತ್ತ ಮರುಳುಗಳ ನಡುವೆ ನಡೆಯುವುದನ್ನು ಪಠ್ಯಪುಸ್ತಕಕ್ಕೆ ಸೇರಿಸಿಕೊಂಡವರು, ಅದೇ ರಸ ಬಾಡಿಗೆ ಕ್ಯಾಸೆಟ್ಟಿನಲ್ಲಿ ಬಂದಾಗ ಮೂಗು ಮುಚ್ಚಿಕೊಳ್ಳಲು ಇರುವ ಕಾರಣ ಒಂದೇ: ರಸಕ್ಕಿಂತ ಅದು ಬಂದ ಪಾತ್ರೆ ಅವರಿಗೆ ಮುಖ್ಯ.

ಫುಲ್ಚಿ 1996ರಲ್ಲಿ ತೀರಿಕೊಂಡ. 2005ರಲ್ಲಿ ಬ್ರಿಟನ್ನಿನ ಸೆನ್ಸಾರ್ ಮಂಡಳಿ 'ಜೋಂಬಿ ಫ್ಲೆಶ್ ಈಟರ್ಸ್' ಚಿತ್ರಕ್ಕೆ ಒಂದು ಕತ್ತರಿಯನ್ನೂ ಹಾಕದೆ ಪ್ರಮಾಣಪತ್ರ ಕೊಟ್ಟಿತು. ಕಣ್ಣಿಗೆ ಸೀಳು ಹೊಗುವ ದೃಶ್ಯ ಅದರಲ್ಲಿ ಪೂರ್ತಿಯಾಗಿದೆ.